ಒಂದು ಗಜ, ಒಂದು ಮೂಗು

ಮಿಲ್ಲು ಇನ್ನೂ ನಾಲ್ಕು ಗೂಟ, ಒಂದು ಹಗ್ಗ ಅಷ್ಟೇ ಆಗಿದ್ದ ಕಾಲಕ್ಕೆ ಅಜ್ಜ ಅದರೆದುರು ಅಂಗಡಿ ಇಟ್ಟಾಗಿತ್ತು. ಅಂಗಡಿ ಎಂದರೆ ಒಂದು ಎತ್ತಿನ ಗಾಡಿ. ಎತ್ತು ಬಿಚ್ಚಿದರೆ ಅಂಗಡಿ ತೆರೆದಂತೆ, ಕಟ್ಟಿದರೆ ಮುಚ್ಚಿದಂತೆ. ಗೂಟ ಹೊಡೆಯುವವರಿಗೆ ಬೆಂಕಿಪೊಟ್ಟಣ, ಸಾಬೂನು. ಪಾಯ ತೋಡುವವರಿಗೆ ಗುದ್ದಲಿಯ ಕಾವು, ತಲೆಗೆ ಸುತ್ತಲು ಬಟ್ಟೆ. "ಇಲ್ಲಿ ಮಿಲ್ಲು ಬರೋದು ನಿಜಾನಾ?" ಎಂದು ಯಾರಾದರೂ ಕೇಳಿದರೆ ಅಜ್ಜ ಗಾಡಿಗೆ ಒಂದೇಟು ತಟ್ಟಿ, "ಬಂದ್ರೆ ಬೇರು, ಬರದಿದ್ರೆ ಗಾಲಿ" ಎನ್ನುತ್ತಿದ್ದನಂತೆ.

ಈ ಮಾತನ್ನು ಗಿಣಿ ಅಜ್ಜನ ಗಂಟಲಲ್ಲೇ ಹೇಳುತ್ತಿದ್ದಳು. ಅಜ್ಜನನ್ನು ಅವಳು ಕಂಡವಳಲ್ಲ. ಬೊಚ್ಚುಬಾಯಿಯ ಅಜ್ಜಿ ಮಾಡಿ ತೋರಿಸುತ್ತಿದ್ದ ಅಜ್ಜನನ್ನು ನೋಡಿ ಕಲಿತದ್ದು. ಹಾಗಾಗಿ ಮೂವತ್ತರ ಹರೆಯದಲ್ಲೇ ಅವಳ ಅಜ್ಜನಿಗೆ ಒಂದೂ ಹಲ್ಲಿರಲಿಲ್ಲ.

ಗಿಣಿ ಎಂಬುದು ಊರು ಇಟ್ಟ ಹೆಸರು. ಕಿವಿಗೆ ಬಿದ್ದ ದನಿಯನ್ನೆಲ್ಲ ಬಡ್ಡಿ ಸೇರಿಸಿ ವಾಪಸು ಮಾಡುವ ಹುಡುಗಿಗೆ ಬೇರೇನು ಹೆಸರಿಟ್ಟಾರು? ಹತ್ತು ವರ್ಷದವಳಿದ್ದಾಗ ಒಮ್ಮೆ ಅಟ್ಟದ ಕಿಟಕಿಯಿಂದ ಮಿಲ್ಲಿನ ಸೈರನ್ ಕೂಗಿ, ಎರಡನೇ ಪಾಳಿಯ ಹನ್ನೆರಡು ಜನ ಬುತ್ತಿ ಹಿಡಿದು ಅರ್ಧ ಗಂಟೆ ಮೊದಲೇ ಗೇಟಿಗೆ ಓಡುವಂತೆ ಮಾಡಿದ್ದಳು. ಈಗ ಇಪ್ಪತ್ತನಾಲ್ಕು. ಪಟ್ಟಣದ ಕಾಲೇಜು ಮುಗಿಸಿ ಬಂದು ಮೂರು ವರ್ಷದಿಂದ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತಿದ್ದಾಳೆ. ಪಕ್ಕ ಎಂದರೆ ಪಕ್ಕವೇ. ನಡುವೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಅವಕಾಶ ಅಪ್ಪ ಕೊಟ್ಟಿರಲಿಲ್ಲ.

ಗೂಟವಿದ್ದಲ್ಲಿ ಗೋಡೆ ಎದ್ದಿತು, ಗೋಡೆಯ ಹಿಂದೆ ಚಿಮಣಿ ಎದ್ದಿತು, ಗಾಡಿಯಿದ್ದಲ್ಲಿ ತಗಡಿನ ಸೂರು, ಆಮೇಲೆ ಮೂರು ಬಾಗಿಲ ಅಂಗಡಿ. ಊರಿನ ಚರಿತ್ರೆ ಬೇಕಾದವರು ಅಂಗಡಿಯ ಕಪಾಟನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಸಾಕಿತ್ತು. ತಳದಲ್ಲಿ ಗುದ್ದಲಿ, ಹಗ್ಗ. ಅದರ ಮೇಲೆ ಪಾತ್ರೆ: ಗಂಡಸರು ಸಂಸಾರ ಕರೆತಂದ ಕಾಲ. ಅದರ ಮೇಲೆ ತೊಟ್ಟಿಲ ಕೊಂಡಿ. ಅದರ ಮೇಲೆ ಸ್ಲೇಟು, ಬಳಪ. ಅದರ ಮೇಲೆ ಹೊಲಿಗೆ ಯಂತ್ರದ ಸೂಜಿ, ಸೈಕಲ್ ಟ್ಯೂಬು. ತುತ್ತತುದಿಯಲ್ಲಿ ಈಚೆಗೆ ಚಾಳೀಸಿನ ಕನ್ನಡಕ. "ಊರಿಗೂ ವಯಸ್ಸಾಯ್ತು" ಎಂದು ಅಪ್ಪ ಅದನ್ನು ಜೋಡಿಸುವಾಗ ನಿಟ್ಟುಸಿರು ಬಿಟ್ಟರೆ, "ವಯಸ್ಸಲ್ಲ ಅಪ್ಪ, ದೃಷ್ಟಿ" ಎಂದಿದ್ದಳು ಗಿಣಿ.

ಮಾರುವ ಮಾಲಿನಲ್ಲಿ ಮೊದಲನೆಯದು ಬಟ್ಟೆ. ಎದುರಿನ ಮಿಲ್ಲಿನಲ್ಲೇ ನೆಯ್ದ ಬಟ್ಟೆಯ ಸುರುಳಿ, ಅದೇ ಥಾನು, ಪಟ್ಟಣಕ್ಕೆ ಹೋಗಿ, ಮಿಲ್ಲಿನ ಮುದ್ರೆ ಹಾಕಿಸಿಕೊಂಡು, ಮದುವೆಯಾದ ಮಗಳು ತವರಿಗೆ ಬಂದಂತೆ ಸ್ವಲ್ಪ ಠೀವಿಯಿಂದ ವಾಪಸು ಬರುತ್ತಿತ್ತು. ಅದನ್ನು ಅಳೆಯಲು ಕಟ್ಟೆಯ ಮೇಲೆ ಅಜ್ಜನ ಗಜ ಇತ್ತು. ಕರಿಮರದ ಕೋಲು, ಎರಡು ತುದಿಗೂ ಹಿತ್ತಾಳೆಯ ಟೊಪ್ಪಿ. ಊರಿನ ಮೊದಲ ಮೇಸ್ತ್ರಿ ಮನೆ ಕಟ್ಟಲು ಅಳತೆಗೋಲಿಲ್ಲದೆ ಅದಕ್ಕೆ ಹೊಂದಿಸಿ ಒಂದು ಕೋಲು ಕೊಯ್ದುಕೊಂಡ. ಅವನ ಕೋಲಿಗೆ ಹೊಂದಿಸಿ ಬಡಗಿ ಕೊಯ್ದ, ಬಡಗಿಯದಕ್ಕೆ ಹೊಂದಿಸಿ ದರ್ಜಿ. ಬಾಗಿಲು, ಮಂಚ, ಶಾಲೆಯ ಬೆಂಚು, ಅಂಗಿಯ ತೋಳು, ಗೋಡೆಯ ಹೊರಗಿನ ಊರೆಲ್ಲ ಆ ಗಜದ ಮಕ್ಕಳು. ಈಗಿನ ಮೇಸ್ತ್ರಿ ಮೊದಲನೆಯವನ ಮಗ. "ಆನೆ ನಡೆದದ್ದೇ ದಾರಿ ಅಂತಾರೆ, ನಮ್ಮೂರಲ್ಲಿ ಗಜ ಬಿದ್ದದ್ದೇ ದಾರಿ" ಎನ್ನುವುದು ಅವನ ಮಾತು.

ಅಪ್ಪನಿಗೆ ಜೀವನದಲ್ಲಿ ಒಂದೇ ಒಂದು ಕೊರಗು. ಮಿಲ್ಲಿನ ಮುದ್ರೆಯಲ್ಲಿ 'ಇಪ್ಪತ್ತೈದು ಗಜ' ಎಂದಿದ್ದ ಥಾನು ಅಂಗಡಿಯ ಕಟ್ಟೆಯ ಮೇಲೆ ಬಿಚ್ಚಿದರೆ ಇಪ್ಪತ್ತನಾಲ್ಕಕ್ಕೆ ನಿಲ್ಲುತ್ತಿತ್ತು. ಒಂದು ಥಾನಲ್ಲ, ಎರಡಲ್ಲ, ಎಲ್ಲವೂ. "ಕದಿಯೋದ್ರಲ್ಲೂ ಎಂಥಾ ಶಿಸ್ತು ನೋಡು" ಎಂದು ಅಪ್ಪ ಹಲ್ಲು ಕಡಿಯುತ್ತಿದ್ದ. ಅಂಗಡಿ ಕೈಗೆ ಬಂದಂದಿನಿಂದ ವರ್ಷಕ್ಕೊಂದರಂತೆ ಮಿಲ್ಲಿಗೆ ಮೂವತ್ತು ಪತ್ರ ಬರೆದಿದ್ದ. ಮೊದಲನೆಯದು 'ಮಾನ್ಯರೇ' ಎಂದು ಶುರುವಾಗಿತ್ತು, ಮೂವತ್ತನೆಯದು 'ಏನ್ರೀ' ಎಂದು.

ಹೀಗಿರುವಾಗ ಮಿಲ್ಲು ಎರಡನೇ ಶೆಡ್ಡು ಕಟ್ಟಿತು. ಅದರ ಕೆಲಸಗಾರರಿಗೆಂದು ಆಚೆ ಬದಿಯಲ್ಲಿ ಅರವತ್ತು ಮನೆಗಳ ಹೊಸ ಬೀದಿ. ಮೇಸ್ತ್ರಿಯೇ ಕಟ್ಟಿದ. ಬೀದಿ ಎದ್ದಾಗ ಅಪ್ಪ ಹಿಗ್ಗಿದ. ಆದರೆ ಗೇಟು ಕೂಡ ಆಚೆ ಬದಿಗೇ ಹೋಗುತ್ತದೆ ಎಂದು ತಿಳಿದಾಗ ಹಿಗ್ಗು ಕುಗ್ಗಿತು. ಇನ್ನು ಮೇಲೆ ಅಂಗಡಿಯ ಮೂರು ಬಾಗಿಲೂ ಖಾಲಿ ಗೋಡೆಯನ್ನು ನೋಡುತ್ತ ಕೂರಬೇಕು. ಗೋಡೆಗೆ ಕಿವಿ ಇರುತ್ತದಂತೆ, ಕೊಳ್ಳುವ ಕೈ ಇರುವುದಿಲ್ಲ.

ಉಳಿದದ್ದು ಒಂದೇ ದಾರಿ. ಹೊಸ ಬೀದಿಯ ಮೂಲೆಯಲ್ಲಿ, ಹೊಸ ಗೇಟಿಗೆ ಮುಖ ಮಾಡಿ, ಮಿಲ್ಲು ಒಂದು ಅಂಗಡಿ ಕಟ್ಟಿಸಿತ್ತು. ಅದು ಒಬ್ಬರಿಗೆ ಮಾತ್ರ. ಕೇಳಿದವರು ಇಬ್ಬರು: ಒಂದು ಈ ಮನೆತನ, ಇನ್ನೊಂದು ಪಟ್ಟಣದ ದೊಡ್ಡ ವ್ಯಾಪಾರಿಯೊಬ್ಬರ ಏಜೆಂಟ್. ತೆಂಗಿನ ಮರದಷ್ಟು ಎತ್ತರದ ಆಸಾಮಿ, ಬಾಯಿ ತೆರೆದರೆ "ಪಕ್ಕಾ".

ಹೊಸ ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಅವರು ಮಾತನ್ನು ಬೆರಳೆಣಿಸಿ ಆಡುವ ಮನುಷ್ಯ.

"ಒಂದು: ಹೊಸ ಬೀದಿಯ ಮೊದಲ ಎರಡು ಮನೆ ನಿಮಗೆ ಒಬ್ಬೊಬ್ಬರಿಗೆ ಒಂದೊಂದು. ಬಾಗಿಲು, ಕಿಟಕಿ ಕದ, ಪರದೆ, ಮಂಚ, ಕಪಾಟು ಎಲ್ಲ ಸಜ್ಜು ಮಾಡಿ. ನಕ್ಷೆ ತಗೊಂಡು ಹೋಗಿ. ಎರಡು: ಬರೋ ವಾರ ಶನಿವಾರ ಬೆಳಗ್ಗೆ ಹತ್ತಕ್ಕೆ ಬಂದು ನೋಡ್ತೀನಿ. ಗೆದ್ದವರಿಗೆ ಅರವತ್ತು ಮನೆ ಕೆಲಸ, ಜೊತೆಗೆ ಮೂಲೆ ಅಂಗಡಿ. ಮೂರು..."

ಮೂರನೆಯದು ಇರಲಿಲ್ಲ. ಎತ್ತಿದ ಬೆರಳನ್ನು ಅವರು ಗಂಭೀರವಾಗಿ ನೋಡಿ, ಮಡಚಿ, ಮೇಜಿನ ಕೆಳಗಿಟ್ಟರು.

"ಪಕ್ಕಾ ಸಾರ್" ಎಂದ ಏಜೆಂಟ್.

ವಾಪಸು ಬರುವ ದಾರಿಯಲ್ಲಿ ಗಿಣಿ ಆ ಮೂರನೇ ಬೆರಳನ್ನು ನಾಲ್ಕು ಸಲ ಮಾಡಿ ತೋರಿಸಿದಳು. ಅಪ್ಪ ನಕ್ಕು ನಕ್ಕು, ಆಮೇಲೆ ನಿಂತು, ಇದ್ದಕ್ಕಿದ್ದಂತೆ ಹೇಳಿದ:

"ಇದನ್ನ ನೀನೇ ಮಾಡು. ಗೆದ್ರೆ ಮೂಲೆ ಅಂಗಡಿ ನಿಂದು. ಗಲ್ಲಾ ನಿಂದು, ಬೀಗದಕೈ ನಿಂದು. ನಾನು ಅದರೊಳಗೆ ಕೈ ಹಾಕಲ್ಲ."

"ಮೂಗು?"

ಅಪ್ಪ ತನ್ನ ಮೂಗು ಮುಟ್ಟಿ ನೋಡಿಕೊಂಡ. ಆ ಮನೆತನದ ಮೂಗು ಸಾಮಾನ್ಯದ್ದಲ್ಲ. ಯಾರ ಮನೆಗೆ ಹೋದರೂ ಮೊದಲು ಮೂಗು ಹೋಗಿ ವಿಚಾರಿಸಿಕೊಂಡು, ಹಿಂದಿನಿಂದ ಮನುಷ್ಯ ಹೋಗುತ್ತಿದ್ದ. ಗಿಣಿಗೂ ಅದೇ ಬಂದಿತ್ತು.

"ಮೂಗಿಗೆ ನಾನು ಜವಾಬ್ದಾರ ಅಲ್ಲ" ಎಂದ ಅಪ್ಪ.

ಅಂದಿನಿಂದ ಗಿಣಿ ನೆಲಕ್ಕೆ ಕಾಲಿಡಲಿಲ್ಲ. ಮೂಲೆ ಅಂಗಡಿಯ ಕಪಾಟುಗಳನ್ನು ಮನಸ್ಸಿನಲ್ಲೇ ಮೂರು ಸಲ ಜೋಡಿಸಿ ಎರಡು ಸಲ ಕೆಡವಿದಳು. ಪಟ್ಟಣದ ಮಾಲಿನೆದುರು ಹಳ್ಳಿ ಕೈಕೆಲಸ ಎನಿಸಬಾರದು, ಎಲ್ಲವೂ ಹೊಸ ಕಾಲದ್ದಾಗಬೇಕು ಎಂದು ಪಟ್ಟಣದಿಂದ ಉಕ್ಕಿನ ಟೇಪು ತರಿಸಿದಳು. ಒತ್ತಿದರೆ ಹಾವಿನ ನಾಲಗೆಯಂತೆ ಸುರ್ರನೆ ಒಳಗೆ ಓಡುವಂಥದ್ದು. ಅದನ್ನು ಹಿಡಿದು ತಾನೇ ಹೋಗಿ ಮನೆಯ ಬಾಗಿಲ ಚೌಕಟ್ಟು ಅಳೆದಳು. ನಕ್ಷೆಯಲ್ಲಿ ಎತ್ತರ ಎರಡು ಗಜ, ಅಗಲ ಒಂದು ಗಜ. ಟೇಪಿನಲ್ಲಿ ಎರಡು ಗಜದ ಮೇಲೆ ನಾಲ್ಕು ಬೆರಳು, ಒಂದು ಗಜದ ಮೇಲೆ ಎರಡು ಬೆರಳು. 'ಮೇಸ್ತ್ರಿ ಮಾವ ಕೈ ಸಡಿಲ ಬಿಟ್ಟು ಕಟ್ಟಿದ್ದಾರೆ, ಧಾರಾಳಿ' ಎಂದುಕೊಂಡು, ಕಂಡದ್ದನ್ನೇ ಚೀಟಿಯಲ್ಲಿ ಬರೆದು ಬಡಗಿಯ ಕೈಗಿಟ್ಟಳು.

ಗುರುವಾರ ಮಧ್ಯಾಹ್ನ ಬಡಗಿ ಕದ ಹೊತ್ತು ತಂದ. ಒಳ್ಳೆಯ ಕದ. ಚೌಕಟ್ಟಿಗೆ ಮಾತ್ರ ಕೂರಲಿಲ್ಲ. ಎತ್ತರದಲ್ಲಿ ನಾಲ್ಕು ಬೆರಳು ಹೆಚ್ಚು, ಅಗಲದಲ್ಲಿ ಎರಡು ಬೆರಳು ಹೆಚ್ಚು.

"ಏನಣ್ಣಾ ಇದು? ಚೀಟಿ ನೋಡಿದ್ರಾ, ಸುಮ್ನೆ ಮಡಚಿ ಕಿವಿಗೆ ಇಟ್ಕೊಂಡ್ರಾ?"

ಬಡಗಿ ಕಡಿಮೆ ಮಾತಿನವನು. ಕಿವಿಯ ಮೇಲಿನಿಂದ ಚೀಟಿ ತೆಗೆದು ಅವಳ ಕೈಗೆ ಕೊಟ್ಟ. ಸೊಂಟದಿಂದ ತನ್ನ ಗಜ ತೆಗೆದು ಕದದ ಮೇಲಿಟ್ಟ. ಒಂದು, ಎರಡು, ಮೇಲೆ ನಾಲ್ಕು ಬೆರಳು ಒತ್ತಿ ತೋರಿಸಿದ. ಸರಿಯಾಗಿತ್ತು.

ಗಿಣಿ ಟೇಪು ಎಳೆದು ಅವನ ಗಜದ ಪಕ್ಕಕ್ಕೆ ಹಿಡಿದಳು. ಟೇಪಿನಲ್ಲಿ ಒಂದು ಗಜ ಮುಗಿದ ಮೇಲೂ ಕೋಲು ಮುಗಿಯಲಿಲ್ಲ. ಎರಡು ಬೆರಳು ಮುಂದೆ ಹೋಗಿ ನಿಂತಿತ್ತು.

"ನಿಮ್ಮ ಗಜ ಉದ್ದ ಇದೆಯಲ್ಲಣ್ಣಾ!"

"ನಿಮ್ಮದೇ" ಎಂದ ಬಡಗಿ. ಅವತ್ತಿನ ಅವನ ಮೊದಲ ಮಾತು. ಕದ ಮಲಗಿಸಿ ಗರಗಸ ತೆಗೆದುಕೊಂಡು ಎರಡನೆಯದನ್ನೂ ಆಡಿದ: "ಉದ್ದ ಇದ್ರೆ ಕೊಯ್ಬಹುದು. ಗಿಡ್ಡ ಇದ್ರೆ ಎಳೆಯಕ್ಕಾಗಲ್ಲ."

ಗಿಣಿ ಅಂಗಡಿಗೆ ಓಡಿದಳು. ಅಪ್ಪ ಊಟಕ್ಕೆ ಹೋಗಿದ್ದ. ಕಟ್ಟೆಯ ಮೇಲಿನ ಅಜ್ಜನ ಗಜಕ್ಕೆ ಟೇಪು ಹಿಡಿದಳು: ಎರಡು ಬೆರಳು ಹೆಚ್ಚು. ಕಪಾಟಿನಿಂದ ಒಂದು ಥಾನು ಎಳೆದು ಉದ್ದಕ್ಕೂ ಟೇಪಿನಿಂದ ಅಳೆದಳು. ಇಪ್ಪತ್ತೈದು. ಅಜ್ಜನ ಗಜದಲ್ಲಿ ಅಳೆದಳು. ಇಪ್ಪತ್ತನಾಲ್ಕು. ಮತ್ತೆ ಟೇಪು. ಇಪ್ಪತ್ತೈದು. ಅವಳು ಆ ಥಾನಿನ ಮೇಲೆಯೇ ಕುಸಿದು ಕೂತು, ಮೂಗಿನ ಮೇಲೆ ಬೆರಳಿಟ್ಟಳು.

ಮೂವತ್ತು ವರ್ಷ ಮಿಲ್ಲು ಒಂದು ನೂಲೂ ಕದ್ದಿರಲಿಲ್ಲ. ಮೂವತ್ತು ವರ್ಷ ಅಂಗಡಿ ಪ್ರತಿ ಗಜಕ್ಕೂ ಎರಡು ಬೆರಳು ಹೆಚ್ಚು ಕೊಟ್ಟು, 'ನಮ್ಮನ್ನ ದೋಚಿದರು' ಎಂದು ಬೊಬ್ಬೆ ಹೊಡೆದಿತ್ತು.

ಹಿಂದಿನ ಕೋಣೆಯಲ್ಲಿ ಅಜ್ಜಿ ಗುಂಡಿ ಆರಿಸುತ್ತಿದ್ದಳು. ನಾಲ್ಕು ತೂತಿನವು ಒಂದು ಡಬ್ಬಿಗೆ, ಎರಡು ತೂತಿನವು ಒಂದು ಡಬ್ಬಿಗೆ. ಕಣ್ಣು ಮಂಜಾಗಿದ್ದರೂ ಬೆರಳಿಗೆ ತೂತು ಕಾಣುತ್ತಿತ್ತು.

"ಅಜ್ಜೀ, ನಮ್ಮ ಗಜ ಉದ್ದ ಇದೆ."

"ಇದೆ" ಎಂದಳು ಅಜ್ಜಿ. ಒಂದು ಗುಂಡಿ ಡಬ್ಬಿಗೆ ಬಿತ್ತು.

"ಗೊತ್ತಿತ್ತಾ ನಿಂಗೆ?!"

"ಮದುವೆಯಾಗಿ ಬಂದ ವಾರಕ್ಕೇ ಗೊತ್ತಾಯ್ತು. ತವರಿಂದ ಒಂದು ಗಜ ಬಟ್ಟೆ ತಂದಿದ್ದೆ. ಇಲ್ಲಿ ಇಟ್ಟು ನೋಡ್ತೀನಿ, ಎರಡು ಬೆರಳು ಕಮ್ಮಿ. ನಮ್ಮಪ್ಪ ಮೋಸ ಮಾಡೋನಲ್ಲ. ಆಮೇಲೆ ಇವರನ್ನೇ ಕೇಳಿದೆ, ಎಲ್ಲಿಂದ ತಂದ್ರಿ ಈ ಗಜಾನ ಅಂತ." ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಎದೆಯುಬ್ಬಿಸಿ, ಅಜ್ಜನಾದಳು: "'ಹೊಳೆ ದಾಟುವಾಗ ಹಳೇ ಗಜ ನೀರಿಗೆ ಬಿತ್ತು ಕಣೇ. ಈಚೆ ದಡದಲ್ಲಿ ಆಗಲೇ ಗಿರಾಕಿ ನಿಂತಿದ್ದ. ಬಿಡೋಕಾಗುತ್ತಾ? ಮೂಗಿನ ತುದಿಯಿಂದ ಬೆರಳ ತುದಿಗೆ ಒಂದು ಗಜ, ಎಲ್ಲ ವ್ಯಾಪಾರಿಗೂ ಗೊತ್ತಿರೋದೇ. ಬಟ್ಟೆ ಮೂಗಿಗೆ ಹಿಡಿದೆ, ಕೈ ಚಾಚಿದೆ, ಕೋಲು ಕೊಯ್ದೆ.'" ಮತ್ತೆ ಅಜ್ಜಿಯಾದಳು. "ಎಲ್ಲಾರ ಮೂಗಿಗೂ ಸರಿ ಆ ಲೆಕ್ಕ. ಇವರ ಮೂಗಿಗೆ? ಕನ್ನಡಿ ಮುಂದೆ ನಿಂತು ನಿಂದೇ ನೋಡ್ಕೋ."

"ಮತ್ತೆ ಹೇಳ್ಬೇಕಿತ್ತಲ್ಲ!"

"ಹೇಳೋಣ ಅಂತಾನೇ ಅಂಗಡಿಗೆ ಹೋದೆ. ಇಪ್ಪತ್ತು ಜನ ನಿಂತಿದ್ರು, ಹೊಳೆ ಆಚೆಯಿಂದ ಬಂದೋರು. 'ಈ ಅಂಗಡಿ ಬಟ್ಟೆ ಹೊಲಿದ ಮೇಲೂ ಉಳಿಯುತ್ತೆ' ಅಂತ ಮಾತಾಡ್ಕೊತಿದ್ರು. ಸುಮ್ನೆ ವಾಪಸ್ ಬಂದು ಗುಂಡಿ ಆರಿಸ್ತಾ ಕೂತೆ."

"ಇನ್ನೂ ಆರಿಸ್ತಾನೇ ಇದೀಯಲ್ಲ."

"ಜನ ಇನ್ನೂ ಬರ್ತಾನೇ ಇದಾರಲ್ಲ" ಎಂದಳು ಅಜ್ಜಿ.

ಅಪ್ಪನಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಶುಕ್ರವಾರ ಬೆಳಗ್ಗೆ ಮೇಸ್ತ್ರಿಯನ್ನೂ ಕರೆಸಿ, ಕಟ್ಟೆಯ ಮೇಲೆ ಟೇಪು, ಗಜ ಎರಡನ್ನೂ ಜೋಡಿಯಾಗಿ ಮಲಗಿಸಿ ತೋರಿಸಿದಳು.

"ಟೇಪು ಚಳಿಗೆ ಕುಗ್ಗಿರುತ್ತೆ" ಎಂದ ಅಪ್ಪ.

"ಉಕ್ಕು ಕುಗ್ಗೋ ಜಾತಿಯಲ್ಲ ಅಪ್ಪ, ಹೆಸರಲ್ಲೇ ಉಕ್ಕು ಅಂತಿದೆ."

ಅಪ್ಪ ತಾನೇ ಒಂದು ಥಾನು ಅಳೆದ. ಆಮೇಲೆ ಇನ್ನೊಂದು. ಆಮೇಲೆ ಸ್ಟೂಲಿನ ಮೇಲೆ ಕೂತ. "ಮೂವತ್ತು ಪತ್ರ ಕಣೇ. ಕೊನೇದ್ರಲ್ಲಿ 'ಕಳ್ಳರ ಸಂತೆ' ಅಂತ ಬರ್ದಿದ್ದೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ."

ಮೇಸ್ತ್ರಿಯ ಮುಖ ಹಸಿ ಸುಣ್ಣದ ಬಣ್ಣಕ್ಕೆ ತಿರುಗಿತ್ತು. "ಪತ್ರ ಬಿಡಿ ಸಾವ್ಕಾರ್ರೇ. ನಾನು ಅರವತ್ತು ಮನೆ ಕಟ್ಟಿದೀನಿ! ನಕ್ಷೆಯಲ್ಲಿ ಗಜ ಅಂತಿತ್ತು, ಗಜ ಇಟ್ಟು ಕಟ್ದೆ. ಬಾಗಿಲು, ಕಿಟಕಿ, ಒಂದೂ ನಕ್ಷೆಗೆ ಸರಿಯಿಲ್ಲ ಅಂತಾಯ್ತಲ್ಲ!"

ಅದೇ ಹೊತ್ತಿಗೆ ಅಂಗಡಿಯ ಮುಂದೆ ಏಜೆಂಟನ ಲಾರಿ ಹೋಯಿತು. ಪಟ್ಟಣದಿಂದ ಸಿದ್ಧವಾಗಿ ಬಂದ ಬಾಗಿಲು, ಹುಲ್ಲು ಸುತ್ತಿ, ಚೀಲ ಸುತ್ತಿ, ಮದುಮಗನಂತೆ ನಿಂತಿತ್ತು. ಅಪ್ಪನ ಕಣ್ಣಲ್ಲಿ ವ್ಯಾಪಾರಿ ಎದ್ದು ಕೂತ.

"ಅದು ನಕ್ಷೆ ಅಳತೆಗೆ ಮಾಡಿದ್ದು, ಅಲ್ವಾ? ಹಾಗಾದ್ರೆ ಗಿಡ್ಡ ಬೀಳುತ್ತೆ! ನಮ್ಮ ಕದ ಕೂತಿದೆ, ಅವನದು ಕೂರಲ್ಲ. ಗಿಣೀ, ಬಾಯಿಗೆ ಬೀಗ ಹಾಕು. ನಾಳೆ ಹತ್ತೂಕಾಲಿಗೆ ಮೂಲೆ ಅಂಗಡಿ ಬೀಗ ತೆಗಿ."

ಗಿಣಿಗೂ ಅದು ಹೊಳೆಯದಿರಲಿಲ್ಲ. ಗುರುವಾರ ಮಧ್ಯಾಹ್ನದಿಂದ ಆ ಬೀಗದಕೈ ಅವಳ ಕಿವಿಯಲ್ಲಿ ಗಿಲಿಗಿಲಿ ಎನ್ನುತ್ತಿತ್ತು. ಸುಮ್ಮನಿದ್ದರೆ ಸಾಕು. ಆದರೆ ಸುಮ್ಮನಿರುವುದು ಗಿಣಿಯ ಕಸುಬಲ್ಲ.

"ಅವನ ಬಾಗಿಲು ಕೂರದಿದ್ರೆ ಮ್ಯಾನೇಜರು ಏನು ಮಾಡ್ತಾರೆ ಹೇಳು. ಟೇಪು ತೆಗೀತಾರೆ. ಬಾಗಿಲು ಅಳೀತಾರೆ, ಸರಿಯಾಗಿರುತ್ತೆ. ಗೋಡೆ ಅಳೀತಾರೆ. ಮೊದಲು ಮೇಸ್ತ್ರಿ ಮಾವನ ಕುತ್ತಿಗೆಗೆ ಬರುತ್ತೆ. ಮಾವ ಕೋಲು ತೋರಿಸ್ತಾರೆ. ಕೋಲು ಯಾರ ಮನೇದು ಅಂತ ಊರಿಗೇ ಗೊತ್ತು. ನಾವೇ ಹೋಗಿ ಹೇಳಿದ್ರೆ ಅದು ಮಾತು. ಅವರೇ ಕಂಡು ಹಿಡಿದ್ರೆ ಅದು ಮೋಸ."

"ಹೇಳಿದ್ರೆ ಮೂಲೆ ಅಂಗಡಿ ಹೋಗಬಹುದು."

"ಹೋಗಬಹುದು."

"ನಿಂದು ಕಣೇ ಅದು!"

"ಹೌದಲ್ಲ. ಅದಕ್ಕೇ ನಾನು ಹೇಳ್ತೀನಿ, ನೀನಲ್ಲ."

ಅಪ್ಪ ಮಗಳ ಮೂಗನ್ನು ನೋಡಿದ. ಆಮೇಲೆ ಅಜ್ಜನ ಗಜವನ್ನು ಎತ್ತಿ, ಪಂಚೆಯ ಅಂಚಿನಿಂದ ಹಿತ್ತಾಳೆಯನ್ನು ಉಜ್ಜಿ ಹೊಳಪು ಬರಿಸಿ, ಅವಳ ಕೈಗಿಟ್ಟ. "ಹೋಗೋದೇ ಆದ್ರೆ ಹೊಳಪಾಗಿ ಹೋಗಲಿ" ಎಂದ.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಗಿಣಿ ಮ್ಯಾನೇಜರ ಕೋಣೆಯಲ್ಲಿದ್ದಳು. ಮೇಜಿನ ಮೇಲೆ ಒಂದು ಸಾಲಿನಲ್ಲಿ ನಾಲ್ಕು ಪೆನ್ಸಿಲು, ಎಲ್ಲವೂ ಒಂದೇ ಉದ್ದ. ಇಂಥವರ ಮುಂದೆ ಇಂಥ ಗಜ! ಹೆದರಿದಾಗ ಅವಳಿಗೊಂದು ಕೆಟ್ಟ ಚಾಳಿ: ಎದುರಿಗಿದ್ದವರ ದನಿ ಬಂದುಬಿಡುತ್ತಿತ್ತು.

"ಒಂದು:" ಎಂದಳು ಬೆರಳೆತ್ತಿ, "ನಮ್ಮಂಗಡಿ ಗಜ ಎರಡು ಬೆರಳು ಉದ್ದ ಇದೆ ಸಾರ್. ಎರಡು: ಹೊಸ ಬೀದಿಯ ಅರವತ್ತು ಮನೇನೂ ಇದೇ ಗಜಕ್ಕೆ ಕಟ್ಟಿರೋದು. ಮೂರು..."

ಮೂರನೇ ಬೆರಳು ಗಾಳಿಯಲ್ಲಿ ನಿಂತಿತು. ಮ್ಯಾನೇಜರು ಅದನ್ನು ನೋಡಿದರು. ತಮ್ಮದನ್ನೊಮ್ಮೆ ನೋಡಿಕೊಂಡರು.

"ಮೂರನೇದು ಏನು?"

"ಮೂರನೇದು... ಮೇಸ್ತ್ರಿ ಮಾವನದು ಏನೂ ತಪ್ಪಿಲ್ಲ ಸಾರ್. ತಪ್ಪು ಗಜದ್ದು. ಗಜ ನಮ್ಮದು."

ಹೊಳೆ, ಗಿರಾಕಿ, ಮೂಗು, ಎಲ್ಲ ಹೇಳಿದಳು. ಮ್ಯಾನೇಜರು ನಗಲಿಲ್ಲ. ಎದ್ದು ಬೀರುವಿನಿಂದ ಒಂದು ದಪ್ಪ ಫೈಲು ತಂದು ಮೇಜಿನ ಮೇಲೆ ಧೊಪ್ಪನೆ ಹಾಕಿದರು. ಮೇಲೆಯೇ ಅಪ್ಪನ ಅಕ್ಷರ: 'ಏನ್ರೀ'.

"ಬಂದ ದಿನ ಇದನ್ನ ಪೂರ್ತಿ ಓದಿದೆ. ನಮ್ಮ ಮಗ್ಗಗಳನ್ನ ಎರಡು ಸಲ ಪರೀಕ್ಷೆ ಮಾಡಿಸ್ದೆ. ನೂಲು ಕುಗ್ಗುತ್ತಾ ಅಂತ ನೀರಲ್ಲಿ ನೆನೆಸಿ ನೋಡ್ದೆ. ನಿದ್ದೆ ಕೆಡಿಸಿಕೊಂಡೆ. ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು ಯಾಕೆ ಅಂತ." ಗಜವನ್ನು ಕೈಗೆತ್ತಿಕೊಂಡು ಅವರು ಅದರ ತುದಿಯನ್ನು, ಆಮೇಲೆ ಗಿಣಿಯ ಮೂಗನ್ನು ನೋಡಿದರು. "ಈಗ ಗೊತ್ತಾಯ್ತು. ನಡಿಯಮ್ಮ, ಬೀದಿಗೆ ಹೋಗೋಣ."

ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಮೊದಲ ಮನೆಯಲ್ಲಿ ಬಡಗಿ ಕೊಯ್ದು ಕೂರಿಸಿದ ಕದ ಬೆರಳಿನಿಂದ ತಳ್ಳಿದರೆ ತೆರೆದುಕೊಂಡು, ಬಿಟ್ಟರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಎರಡನೇ ಮನೆಯಲ್ಲಿ ಏಜೆಂಟನ ನಾಲ್ಕು ಜನ ಬಾಗಿಲನ್ನು ಮೇಲಕ್ಕೆ ಹಿಡಿದರೆ ಕೆಳಗೆ ಸಂದು, ಕೆಳಕ್ಕಿಟ್ಟರೆ ಮೇಲೆ ಸಂದು ಎಂದು ಬೆವರುತ್ತಿದ್ದರು. ಯಾರದೋ ಮನೆಯ ಬೆಕ್ಕು ಆ ಸಂದಿನಲ್ಲಿ ಒಳಗೆ ಹೋಗಿ, ಮನೆ ನೋಡಿಕೊಂಡು, ಪಕ್ಕದ ಸಂದಿನಲ್ಲಿ ಹೊರಗೆ ಬಂತು.

"ಮಾಲು ಪಕ್ಕಾ ಸಾರ್! ಮನೇನೇ ತಪ್ಪು!" ಎಂದು ಏಜೆಂಟ್ ಕೂಗಿಕೊಂಡ.

"ನಿಮ್ಮ ಬಾಗಿಲು ಸರಿ ಇದೆ" ಎಂದರು ಮ್ಯಾನೇಜರು. "ಆದ್ರೆ ಹತ್ತು ದಿನ ಟೈಮಿತ್ತು. ಮನೆ ಹತ್ರ ಒಂದು ಸಲ ಬಂದು ಅಳತೆ ನೋಡಿದ್ರಾ?"

ಏಜೆಂಟ್ ಬಾಗಿಲು ಹಿಡಿದವರಿಗೆ ಕೆಳಗಿಡುವಂತೆ ಕೈಮಾಡಿದ.

ಮೇಸ್ತ್ರಿ ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಮ್ಯಾನೇಜರು ಅಜ್ಜನ ಗಜ ಹಿಡಿದು ಮೂರನೇ ಮನೆಗೆ ಹೋದರು. ಎತ್ತರ ಎರಡು, ಅಗಲ ಒಂದು. ನಾಲ್ಕನೇ ಮನೆ. ಎರಡು, ಒಂದು. ಹತ್ತನೆಯದು, ಇಪ್ಪತ್ತೇಳನೆಯದು. ಬೀದಿಯ ತುದಿಯವರೆಗೂ ನಡೆದು ಅರವತ್ತನೇ ಮನೆಯ ಚೌಕಟ್ಟಿಗೆ ಇಟ್ಟರು. ಕೋಲು ಕೂದಲೆಳೆ ಆಚೀಚೆ ಇಲ್ಲದೆ ಕೂತಿತು. ಜನ ಮದುವೆ ದಿಬ್ಬಣದವರಂತೆ ಹಿಂದೆ ಹಿಂದೆ ಬಂದರು.

"ಮೇಸ್ತ್ರಿ ಯಾರು?"

ಮೇಸ್ತ್ರಿ ಮುಂದೆ ಬಂದ.

"ಇಪ್ಪತ್ತೆರಡು ವರ್ಷ ಕಟ್ಟಡ ನೋಡಿದೀನಿ. ಅರವತ್ತು ಮನೆ ಹೀಗೆ ಒಂದೇ ಅಚ್ಚಲ್ಲಿ ಕಟ್ಟಿದ್ದು ನೋಡಿಲ್ಲ. ತಪ್ಪು ಮಾಡಿದ್ರೂ ಹೀಗೆ ಮಾಡ್ಬೇಕು." ನಕ್ಷೆಯನ್ನು ಗೋಡೆಗಾನಿಸಿ, ಜೇಬಿನಿಂದ ಪೆನ್ಸಿಲು ತೆಗೆದು, ಅದರ ಮೂಲೆಯಲ್ಲಿ ಬರೆದರು: 'ಇಲ್ಲಿ ಗಜ ಎಂದರೆ ಅಂಗಡಿ ಗಜ.' ಸಹಿ ಹಾಕಿದರು. "ಅರವತ್ತು ಮನೆ ಒಡೆಯೋದಕ್ಕಿಂತ ಒಂದು ಸಾಲು ಬರೆಯೋದು ಸುಲಭ."

ಆಮೇಲೆ ಗಿಣಿಯ ಕಡೆ ತಿರುಗಿದರು.

"ಒಂದು: ಈ ಅಳತೆಗೆ ಬಾಗಿಲು, ಮಂಚ ಮಾಡೋಕೆ ನಿಮ್ಮ ಬಡಗಿಗೆ ಬಿಟ್ರೆ ಯಾರಿಗೂ ಬರಲ್ಲ. ಅರವತ್ತು ಮನೆ ನಿಮಗೆ. ಎರಡು: ಮೂಲೆ ಅಂಗಡಿನೂ ನಿಮಗೇ, ಆದ್ರೆ ಅಲ್ಲಿ ಬಟ್ಟೆ ಅಳೆಯೋದು ಉಕ್ಕಿನ ಗಜದಲ್ಲಿ. ಈ ಕೋಲು ಗೋಡೆ ಮೇಲೆ. ಮೂರು..."

ಇಡೀ ಬೀದಿ ಆ ಮೂರನೇ ಬೆರಳನ್ನೇ ನೋಡಿತು.

"ಮೂರು: ನಿಮ್ಮ ತಂದೆಗೆ ಹೇಳಿ, ಮೂವತ್ತೊಂದನೇ ಪತ್ರ ಬರಲಿ ಅಂತ ಕಾಯ್ತಾ ಇದೀನಿ."

ಗುಂಪಿನಲ್ಲಿ ಎಲ್ಲೋ ಹಿಂದಿನಿಂದ ಅಪ್ಪನ ದನಿ ಬಂತು: "'ಮಾನ್ಯರೇ' ಅಂತ ಶುರು ಮಾಡ್ಲಾ ಸಾರ್?"

ಗಿಣಿ ತಿರುಗಿ ನೋಡಿದಳು. ಮೂಗು ಬಂದೇ ಬಂದಿತ್ತು. ಮನುಷ್ಯ ಹಿಂದಿನಿಂದ ಬರುತ್ತಿದ್ದ.

ಏಜೆಂಟ್ ತನ್ನ ಬಾಗಿಲಿಗೆ ಮತ್ತೆ ಹುಲ್ಲು ಸುತ್ತಿಸುತ್ತಿದ್ದ. ಗಿಣಿ ಅವನ ಬಳಿ ಹೋದಳು. "ಅದನ್ನ ವಾಪಸ್ ಯಾಕೆ ಹೊರ್ತೀರಿ? ಅಂಗಡಿ ಒಳಗೆ ಮಾಲಿನ ಕೋಣೆಗೆ ಇನ್ನೂ ಗೋಡೆ ಆಗಿಲ್ಲ. ಬಾಗಿಲು ಅಲ್ಲೇ ನಿಲ್ಲಿಸಿ, ಸುತ್ತ ಗೋಡೆ ನಾವು ಕಟ್ಕೊತೀವಿ. ಮುಂದೆ ಪಟ್ಟಣದ ಮಾಲು ಬೇಕಾದಾಗ ನಿಮ್ಮನ್ನೇ ಕೇಳ್ತೀವಿ. ಕೊಡ್ತೀರಾ?"

ಅವನು ಅವಳನ್ನು, ಬಾಗಿಲನ್ನು, ಬೆಕ್ಕನ್ನು ನೋಡಿದ. "ಪಕ್ಕಾ" ಎಂದ. ಆ ವಾರ ಆಡಿದ ಪಕ್ಕಾಗಳಲ್ಲೆಲ್ಲ ಅದೇ ಪಕ್ಕಾ ಆದದ್ದು.

ಮೂಲೆ ಅಂಗಡಿ ತೆರೆದ ಬೆಳಗ್ಗೆ ಹೊಸ ಗೇಟಿನಿಂದ ಹೊರಬಿದ್ದ ಪಾಳಿ ನೇರವಾಗಿ ಅಂಗಡಿಯ ಮೆಟ್ಟಿಲಿಗೆ ಬಂತು. ಕಪಾಟಿನ ತಳದಲ್ಲಿ ಒಂದು ಗುದ್ದಲಿ, ಒಂದು ಹಗ್ಗ. ಅಲ್ಲಿಂದ ಮೇಲಕ್ಕೆ ಎಲ್ಲ ಹೊಸದು. ಗೋಡೆಯ ಮೇಲೆ ಎರಡು ಮೊಳೆಯ ನಡುವೆ ಅಜ್ಜನ ಗಜ. ನಡುವೆ, ಪಕ್ಕದಲ್ಲಲ್ಲ, ನಡುವೆ ಗಿಣಿ. ಮೊದಲ ಮಾಲು ತಂದ ಏಜೆಂಟ್ ಒಳಕೋಣೆಗೆ ನುಗ್ಗುವಾಗ ತಾನೇ ತಂದ ಬಾಗಿಲ ಮೇಲ್ಚೌಕಟ್ಟಿಗೆ ಹಣೆ ಬಡಿದುಕೊಂಡ. ಊರಿನಲ್ಲಿ ನಕ್ಷೆಗೆ ಸರಿಯಾದ ಬಾಗಿಲು ಅದೊಂದೇ. ಆಮೇಲೂ ಬಂದಾಗಲೆಲ್ಲ ಬಡಿದುಕೊಂಡ.

ಮೊದಲ ಗಿರಾಕಿ ಅಜ್ಜಿ. ಅಪ್ಪನ ಕೈ ಹಿಡಿದು, ಹಳೇ ಅಂಗಡಿಯಿಂದ ಮಿಲ್ಲಿನ ಗೋಡೆಯ ಸುತ್ತ ನಡೆದು ಬಂದಿದ್ದಳು.

"ಒಂದು ಗಜ ಬಿಳಿ ಬಟ್ಟೆ ಕೊಡಮ್ಮ" ಎಂದಳು, ಗುರುತೇ ಇಲ್ಲದವಳ ಹಾಗೆ.

ಗಿಣಿ ಥಾನು ಬಿಚ್ಚಿ, ಉಕ್ಕಿನ ಗಜ ಇಟ್ಟು, ಸರಿಯಾಗಿ ಒಂದು ಗಜಕ್ಕೆ ಹೆಬ್ಬೆರಳು ಒತ್ತಿದಳು. ಕತ್ತರಿ ಎತ್ತಿದಳು. ಅಜ್ಜಿ ಬಟ್ಟೆಯ ಅಂಚನ್ನು ಎರಡು ಬೆರಳಿನಿಂದ ಹಿಡಿದು ಬಿಡಲಿಲ್ಲ. ಅವಳ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದವರೆಲ್ಲ ಕತ್ತು ಚಾಚಿದರು.

"ಗಜ ಆಯ್ತು. ಮೂಗೆಲ್ಲಿ?" ಎಂದಳು ಅಜ್ಜಿ.

ಗಿಣಿ ಗೋಡೆಯ ಮೇಲಿನ ಕೋಲನ್ನೊಮ್ಮೆ ನೋಡಿದಳು. ಹೆಬ್ಬೆರಳನ್ನು ಎರಡು ಬೆರಳು ಮುಂದಕ್ಕೆ ಜರುಗಿಸಿ, ಹಲ್ಲಿಲ್ಲದ ಅಜ್ಜನ ದನಿಯಲ್ಲಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಒಂದು ಗಜ, ಒಂದು ಮೂಗು! ಯಾರದು ಮುಂದಿಂದು?"

ಕತ್ತರಿ ಬಟ್ಟೆಯೊಳಗೆ ಸರ್ರನೆ ಹರಿಯಿತು.